ಕೊನೆ ಹೊಲದ ಅಳತೆ

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಹಳೆಯ ಮಾತೊಂದಿದೆ. ಕಂಟೋನ್ಮೆಂಟಿನ ನಮ್ಮ ಮನೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತು, ಸೊನ್ನೆ ಡಿಗ್ರಿಗಿಂತ 269 ಡಿಗ್ರಿ ಕೆಳಗೆ ನಡೆಯುವ ಸಂಗತಿಗಳನ್ನು ಓದುವುದರಲ್ಲಿ ಒಂದು ವಿಚಿತ್ರ ಸುಖವಿದೆ. ಮೂವತ್ತು ವರ್ಷ ಪದವಿ ತರಗತಿಗಳಿಗೆ ಭೌತಶಾಸ್ತ್ರ ಹೇಳಿದವನು ನಾನು. ಸಂಶೋಧಕನಲ್ಲ. ಪಾಠ ಹೇಳುವಾಗ ಓದಲು ಪುರುಸೊತ್ತಿಲ್ಲದೆ ಬಿಟ್ಟಿದ್ದನ್ನೆಲ್ಲ ನಿವೃತ್ತಿಯ ನಂತರ ಒಂದೊಂದಾಗಿ ತೆಗೆದು ನೋಡುತ್ತಿದ್ದೇನೆ. ಹಾಗೆ ನೋಡುವಾಗ ಸಿಕ್ಕ ಒಂದು ವಸ್ತುವಿನ ಬಗ್ಗೆ, ಅದು ನನ್ನೊಳಗೆ ಎಬ್ಬಿಸಿದ ಒಂದು ತಕರಾರಿನ ಬಗ್ಗೆ ಬರೆಯಬೇಕಾಗಿದೆ.

ಲುಟೇಶಿಯಂ, ಇರಿಡಿಯಂ, ಸಿಲಿಕಾನ್. ಈ ಮೂರನ್ನು 5, 4, 10ರ ಪ್ರಮಾಣದಲ್ಲಿ ಕರಗಿಸಿ ಕೂಡಿಸಿದರೆ ಆಗುವ ವಸ್ತು ಅದು. ಇಂಥದ್ದಕ್ಕೆ ಅಂತರ್‌ಲೋಹ ಸಂಯುಕ್ತ ಎನ್ನುತ್ತಾರೆ. ಹಿತ್ತಾಳೆಯಂಥ ಬೆರಕೆಯಲ್ಲಿ ಪರಮಾಣುಗಳು ಜಾಗ ಸಿಕ್ಕ ಕಡೆ ಕೂತಿರುತ್ತವೆ. ಅಂತರ್‌ಲೋಹದಲ್ಲಿ ಹಾಗಲ್ಲ, ಯಾವ ಪರಮಾಣು ಎಲ್ಲಿ ಕೂರಬೇಕು ಎಂಬುದು ಗೊತ್ತಾಗಿರುತ್ತದೆ, ಪಂಕ್ತಿ ಊಟದ ಎಲೆಗಳ ಹಾಗೆ. ಈ ವಸ್ತುವನ್ನು ತಣಿಸುತ್ತ ಹೋದರೆ 83 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 190 ಡಿಗ್ರಿಯಲ್ಲಿ, ಅದರೊಳಗಿನ ಎಲೆಕ್ಟ್ರಾನುಗಳು ಸಮವಾಗಿ ಹರಡಿಕೊಂಡಿರುವುದನ್ನು ಬಿಟ್ಟು ಒಂದು ಕಡೆ ದಟ್ಟ, ಒಂದು ಕಡೆ ತೆಳು, ಮತ್ತೆ ದಟ್ಟ, ಮತ್ತೆ ತೆಳು ಎಂದು ಸಾಲುಗಟ್ಟುತ್ತವೆ. ಇದಕ್ಕೆ ಚಾರ್ಜ್ ಡೆನ್ಸಿಟಿ ವೇವ್ ಎಂದು ಹೆಸರು, ನಾವು ಸುಮ್ಮನೆ ಅಲೆ ಎನ್ನೋಣ. ಇನ್ನೂ ತಣಿಸಿ 3.9 ಕೆಲ್ವಿನ್ನಿಗೆ ತಂದರೆ ಅದು ಅತಿವಾಹಕವಾಗುತ್ತದೆ. ಕರೆಂಟು ಯಾವ ಅಡ್ಡಿಯೂ ಇಲ್ಲದೆ ಹರಿಯುತ್ತದೆ.

ಸ್ವಾರಸ್ಯ ಇರುವುದು ಮುಂದೆ. 1986ರಲ್ಲಿ ಅಮೆರಿಕದ ಶೆಲ್ಟನ್ ಮತ್ತು ಸಂಗಡಿಗರು ಇದೇ ವಸ್ತುವನ್ನು ಸುಮಾರು 20 ಸಾವಿರ ವಾಯುಭಾರದಷ್ಟು ಒತ್ತಡಕ್ಕೆ ಸಿಕ್ಕಿಸಿದರು. ಆ ಒತ್ತಡದಲ್ಲಿ ಅಲೆ ಇಲ್ಲವಾಯಿತು. ಅಲೆ ಹೋದದ್ದೇ ತಡ, ಅತಿವಾಹಕತೆ 9 ಕೆಲ್ವಿನ್‌ನಲ್ಲೇ ಕಾಣಿಸಿಕೊಂಡಿತು. 3.9 ಎಲ್ಲಿ, 9 ಎಲ್ಲಿ? ನಮಗೆ ಐದು ಡಿಗ್ರಿ ಏನೂ ಅಲ್ಲ, ಬಳ್ಳಾರಿಯಲ್ಲಿ ಬೆಳಗಿನ ಕಾಫಿಗೂ ತಿಂಡಿಗೂ ನಡುವೆ ಅಷ್ಟು ಏರುತ್ತದೆ. ಆ ಲೋಕದಲ್ಲಿ ಅದು ಎರಡು ಪಟ್ಟಿಗಿಂತ ಹೆಚ್ಚು.

ಈ ಎರಡು ಅಂಕಿ ಓದಿದಾಗ ನನಗೆ ಒಬ್ಬ ಹುಡುಗ ನೆನಪಾದ. ಅವನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಲೋಹದೊಳಗೆ ಏನಾಗುತ್ತದೆ ಎಂಬುದನ್ನು ಸರಿಯಾಗಿ ಹೇಳಬೇಕು, ಇಲ್ಲದಿದ್ದರೆ ಇದು ಬರೀ ಹೋಲಿಕೆಯ ಆಟವಾಗುತ್ತದೆ.

ಲೋಹದಲ್ಲಿ ಎಲೆಕ್ಟ್ರಾನುಗಳು ಲೆಕ್ಕವಿಲ್ಲದಷ್ಟು. ಆದರೆ ಅವೆಲ್ಲ ಓಡಾಡುವುದಿಲ್ಲ. ಕೆರೆ ತುಂಬಿದಾಗ ಕೋಡಿ ಬೀಳುವುದು ಮೇಲಿನ ನೀರು ಮಾತ್ರ ತಾನೆ? ತಳದ ನೀರು ತಳದಲ್ಲೇ ಇರುತ್ತದೆ. ಹಾಗೆಯೇ ಎಲೆಕ್ಟ್ರಾನುಗಳಲ್ಲಿ ಕೋಡಿಯ ಮಟ್ಟದಲ್ಲಿರುವ ಕೆಲವಕ್ಕೆ ಮಾತ್ರ ಚಲಿಸುವ ಸ್ವಾತಂತ್ರ್ಯ. ಆ ಮಟ್ಟಕ್ಕೆ ಫರ್ಮಿ ಮೇಲ್ಮೈ ಎಂದು ಹೆಸರು. ಅಲೆಯಾಗಲಿ, ಅತಿವಾಹಕತೆಯಾಗಲಿ ಬಳಸಿಕೊಳ್ಳುವುದು ಈ ಕೆಲವನ್ನೇ.

ಎರಡಕ್ಕೂ ಮೂಲ ಒಂದೇ ಎಂಬುದು ನನಗೆ ತಡವಾಗಿ ಹೊಳೆದ ವಿಷಯ. ಎಲೆಕ್ಟ್ರಾನು ಹಾದುಹೋಗುವಾಗ ಸುತ್ತಲಿನ ಪರಮಾಣುಗಳ ಚೌಕಟ್ಟು ಅದರ ಕಡೆಗೆ ಸ್ವಲ್ಪ ವಾಲುತ್ತದೆ. ಆ ವಾಲುವಿಕೆ ಕ್ಷಣಿಕವಾಗಿದ್ದು, ಅದರ ಜಾಡು ಹಿಡಿದು ಇನ್ನೊಂದು ಎಲೆಕ್ಟ್ರಾನು ಹತ್ತಿರ ಬಂದರೆ ಎರಡೂ ಜೋಡಿಯಾಗುತ್ತವೆ. ಇಂಥ ಜೋಡಿಗಳೆಲ್ಲ ಸೇರಿ ಒಂದೇ ಹೆಜ್ಜೆಯಲ್ಲಿ ನಡೆಯುವುದೇ ಅತಿವಾಹಕತೆ. ಬಾರ್ಡೀನ್, ಕೂಪರ್, ಶ್ರೀಫರ್ ಇದನ್ನು 1957ರಲ್ಲಿ ವಿವರಿಸಿದರು. ಅದೇ ವಾಲುವಿಕೆ ಕ್ಷಣಿಕವಾಗಿರದೆ ಅಲ್ಲೇ ನಿಂತುಬಿಟ್ಟರೆ? ಚೌಕಟ್ಟು ನೇಗಿಲು ಹೊಡೆದ ಎರೆಹೊಲದಂತೆ ಸಾಲುಸಾಲಾಗಿ ಏರಿಳಿದು, ಆ ಸಾಲುಗಳಲ್ಲಿ ಎಲೆಕ್ಟ್ರಾನುಗಳು ಶೇಖರವಾಗುತ್ತವೆ. ಅದೇ ಅಲೆ. ನಮ್ಮ ಈ ಸಂಯುಕ್ತದಲ್ಲಿ ಏಳು ಮನೆಗೊಮ್ಮೆ ಸಾಲು ಮರುಕಳಿಸುತ್ತದೆ. ಎಲೆಕ್ಟ್ರಾನಿಗೂ ಚೌಕಟ್ಟಿಗೂ ಇರುವ ಒಂದೇ ನಂಟು ಹಾದುಹೋದರೆ ಒಂದು ಫಲ, ನಿಂತುಬಿಟ್ಟರೆ ಇನ್ನೊಂದು.

ಅಲೆ ಹುಟ್ಟಿದಾಗ ಕೋಡಿ ಮಟ್ಟದ ಎಲೆಕ್ಟ್ರಾನುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅದಕ್ಕೆ ಹೋಗುತ್ತದೆ. 83ರಿಂದ 3.9ಕ್ಕೆ ಇಳಿಯುವ ಹೊತ್ತಿಗೆ ಅತಿವಾಹಕತೆಗೆ ಸಿಗುವುದು ಉಳಿದದ್ದು. ಉಳಿದದ್ದರಲ್ಲಿ ಅದು ಏನು ಮಾಡಬಹುದೋ ಅದನ್ನು ಮಾಡುತ್ತದೆ.

ಇದಕ್ಕೆ ವಿಜ್ಞಾನಿಗಳು ಬಳಸುವ ಶಬ್ದ ಸ್ಪರ್ಧೆ. ನನ್ನ ಮೊದಲ ತಕರಾರು ಈ ಶಬ್ದದ ಮೇಲೆ. ಸ್ಪರ್ಧೆ, ಪೈಪೋಟಿ, ಮೇಲಾಟ ಎಂದಾಗ ಅಖಾಡಕ್ಕೆ ಒಟ್ಟಿಗೆ ಇಳಿದ ಇಬ್ಬರು ಪೈಲ್ವಾನರು ಕಣ್ಣಿಗೆ ಬರುತ್ತಾರೆ. ಒಬ್ಬ ಗೆದ್ದ, ಒಬ್ಬ ಸೋತ, ಸೋತವನು ದುರ್ಬಲ. ಆದರೆ ಇಲ್ಲಿ ನಡೆದದ್ದು ಬಳ್ಳಾರಿ ಬಸ್‌ಸ್ಟ್ಯಾಂಡಿನ ವ್ಯವಹಾರ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿದವನಿಗೆ ಸೀಟು. ಆಮೇಲೆ ಬಾಗಿಲಲ್ಲಿ ಹತ್ತಿದವನು ಸಿರುಗುಪ್ಪದ ತನಕ ನಿಂತೇ ಹೋಗುತ್ತಾನೆ. ಅವನ ಕಾಲಲ್ಲಿ ಬಲವಿಲ್ಲ ಎಂದು ಯಾರೂ ಹೇಳುವುದಿಲ್ಲ. ಅಲೆ 83 ಕೆಲ್ವಿನ್‌ನಲ್ಲಿ ಟವೆಲ್ ಹಾಕಿದೆ, ಅಷ್ಟೆ. ಅದು ಮೊದಲು ಬರಲು ಕಾರಣ ಬಹುಮಟ್ಟಿಗೆ ಫರ್ಮಿ ಮೇಲ್ಮೈಯ ಆಕಾರ. ಆ ಮೇಲ್ಮೈಯ ಎರಡು ಭಾಗಗಳು ಒಂದರ ಎದುರು ಒಂದು ಸಮಾನಾಂತರವಾಗಿ ನಿಂತಿದ್ದರೆ ಅಲೆಗೆ ಅನುಕೂಲ. ಅದು ಗಳಿಸಿದ್ದಲ್ಲ, ಒದಗಿದ್ದು.

ಇಲ್ಲಿಂದ ಕಾಲುವೆಗೆ ಹೋಗದೆ ನನಗೆ ದಾರಿಯಿಲ್ಲ, ಏಕೆಂದರೆ ಆ ಹುಡುಗ ಕಾಲುವೆಯ ಕೊನೆಯಿಂದ ಬಂದವನು.

ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗಳಿಗೆ ಬಂದದ್ದು 1953ರಲ್ಲಿ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ, ಅಕ್ಟೋಬರ್ 1ಕ್ಕೆ. ಎರಡು ವರ್ಷದ ನಂತರ ರಾಜ್ಯ ಪುನರ್ವಿಂಗಡಣಾ ಆಯೋಗವು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಭಾಗಗಳನ್ನು ಆಂಧ್ರಕ್ಕೆ ಕೊಡಿ ಎಂದು ಹೇಳಿದಾಗ ಅದರ ಮುಖ್ಯ ವಾದ ಭಾಷೆಯದ್ದಾಗಿರಲಿಲ್ಲ, ಇದೇ ನೀರಿನದ್ದಾಗಿತ್ತು. ಆ ಶಿಫಾರಸು ಜಾರಿಯಾಗಲಿಲ್ಲ. ಅದು ಬೇರೆ ಕಥೆ, ಇರಲಿ. ಈ ಯೋಜನೆಯನ್ನು ರೂಪಿಸಿದವರ ಲೆಕ್ಕ ಬರಗಾಲದಿಂದ ರಕ್ಷಣೆ. ನೀರನ್ನು ತೆಳುವಾಗಿ ಬಹುದೂರ ಹರಡಬೇಕು, ಹೆಚ್ಚಿನ ಹೊಲಗಳು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಬೆಳೆಯಬೇಕು, ಭತ್ತ ಗುರುತಿಸಿದ ಕಡೆ ಮಾತ್ರ. ಆದದ್ದು ಹಾಗಲ್ಲ. ಕಾಲುವೆಯ ಮೇಲ್ಭಾಗದಲ್ಲಿದ್ದವರು ಭತ್ತ ಹಾಕಿದರು. ಭತ್ತದ ಗದ್ದೆಗಳು ನೀರು ನಿಲ್ಲಿಸಿಕೊಂಡವು. ತೂಬು ದಾಟಿ, ಉಪಕಾಲುವೆ ದಾಟಿ ಕೊನೆ ಭಾಗಕ್ಕೆ ಬರುವ ಹೊತ್ತಿಗೆ ನೀರು ಉಳಿದಷ್ಟು. ಕೆಲವು ವರ್ಷ ಅದೂ ಇಲ್ಲ.

ಮೇಲಿನವರನ್ನು ಖಳರು ಮಾಡುವುದು ಸುಲಭ, ಆದರೆ ಅದು ಸುಳ್ಳು. ಪಕ್ಕದ ಗದ್ದೆಯಿಂದ ಸದಾ ನೀರು ಜಿನುಗುವ ಹೊಲದಲ್ಲಿ ಹತ್ತಿ ಹಾಕಿದರೆ ಬೇರು ಕೊಳೆಯುತ್ತದೆ. ಒಬ್ಬ ಭತ್ತ ಹಾಕಿದ ಮೇಲೆ ಪಕ್ಕದವನಿಗೂ ಭತ್ತವೇ ಗತಿ. ಅಲೆ ಹರಡುವುದೂ ಹೀಗೆಯೇ, ಒಂದು ಮನೆ ವಾಲಿದರೆ ಪಕ್ಕದ್ದು ವಾಲಬೇಕು. ಸಿರುಗುಪ್ಪದ ಭತ್ತದ ಅನ್ನ ಉಂಡು ಬೆಳೆದವರು ನಾವು. ಅದು ಕೂಡ ಒಂದು ಕ್ರಮವೇ, ಒಂದು ಫಲವೇ.

ನನ್ನ ಪ್ರಶ್ನೆ ಬೇರೆ. ಕೊನೆ ಭಾಗದ ಹೊಲವನ್ನು ನೋಡಿ ಜನ ಏನನ್ನುತ್ತಾರೆ? ಆ ಭೂಮಿಯೇ ಅಷ್ಟು, ಆ ರೈತರೇ ಅಷ್ಟು, ಸೋಮಾರಿಗಳು ಎನ್ನುತ್ತಾರೆ. ಎಕರೆಗೆ ಇಷ್ಟು ಚೀಲ ಎಂಬುದು ನೀರು ಕೊನೆಗೆ ಮುಟ್ಟಿದ ರೀತಿಯ ಅಳತೆ. ಅದನ್ನು ನಾವು ಹೊಲದ ಸ್ವಭಾವದ ಅಳತೆ ಎಂದು ಓದುತ್ತೇವೆ. 3.9 ಎಂಬುದು ಒಂದು ಕ್ರಮ ಮೊದಲೇ ಕೂತಿದ್ದಾಗ ಇನ್ನೊಂದು ಮಾಡಿದ ಕೆಲಸದ ಅಂಕಿ. ಅದನ್ನು ವಸ್ತುವಿನ ಯೋಗ್ಯತೆಯ ಅಂಕಿ ಎಂದು ಓದುವುದು ಭೌತಶಾಸ್ತ್ರದಲ್ಲಿ ತಪ್ಪು ಲೆಕ್ಕ. ಮನುಷ್ಯರ ವಿಷಯದಲ್ಲಿ ಅದು ಬರೀ ತಪ್ಪು ಲೆಕ್ಕವೇ, ಅಥವಾ ಅನ್ಯಾಯವೂ ಹೌದೆ?

ಆ ಹುಡುಗನ ವಿಷಯ ಹೇಳುತ್ತೇನೆ. ಇಪ್ಪತ್ತು ವರ್ಷಗಳ ಮೇಲಾಯಿತು. ಎರಡನೇ ವರ್ಷದ ಬಿ.ಎಸ್ಸಿ. ಸಿರುಗುಪ್ಪ ಕಡೆಯ ಒಂದು ಕೊನೆ ಹಳ್ಳಿಯಿಂದ ಮುಂಜಾನೆಯ ಬಸ್ಸಿಗೆ ಬರುತ್ತಿದ್ದ. ಪ್ರಯೋಗಾಲಯದಲ್ಲಿ ಸ್ಪೆಕ್ಟ್ರೋಮೀಟರಿನ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದ. ಪರೀಕ್ಷೆಯಲ್ಲಿ ನೂರಕ್ಕೆ 36, 38. ಅವನ ತಂದೆ ಒಮ್ಮೆ ಕಾಲೇಜಿಗೆ ಬಂದಾಗ ನಾನು ಬಹಳ ತಿಳಿದವನ ಧಾಟಿಯಲ್ಲಿ ಹೇಳಿದೆ: “ಇವನಿಗೆ ಭೌತಶಾಸ್ತ್ರ ಹತ್ತುವುದಿಲ್ಲ. ಬೇರೆ ಏನಾದರೂ ನೋಡಿ.” ಆತ ವಾದ ಮಾಡಲಿಲ್ಲ. “ಆತು ಬಿಡ್ರಿ ಸಾರ್” ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದ. ಮುಂದಿನ ವರ್ಷಕ್ಕೆ ಹುಡುಗ ಬರಲಿಲ್ಲ. ರಾತ್ರಿ ಪಾಳಿಯಲ್ಲಿ ಅವನು ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ಎಂಬುದು ಅವನ ಗೆಳೆಯನಿಂದ ನನಗೆ ತಿಳಿದದ್ದು ಆಮೇಲೆ.

ಇಷ್ಟೇ ಆಗಿದ್ದರೆ ಅದು ಎಲ್ಲ ಮೇಷ್ಟ್ರುಗಳ ಬದುಕಿನಲ್ಲೂ ಇರುವ ಒಂದು ಸಂಕಟ. ನನ್ನನ್ನು ಕಾಡುವುದು ಇನ್ನೊಂದು. ಅತಿವಾಹಕತೆಯ ಪಾಠ ಮಾಡುವಾಗ ಇಡೀ ತರಗತಿಯಲ್ಲಿ ಪ್ರಶ್ನೆ ಕೇಳಿದವನು ಅವನೊಬ್ಬನೇ. “ಸಾರ್, ರೆಸಿಸ್ಟೆನ್ಸ್ ಸೊನ್ನೆ ಅಂದ್ರ ಖರೇನೇ ಸೊನ್ನೆನಾ, ಇಲ್ಲಾ ನಮ್ಮ ಮೀಟರ್‌ಗೆ ಕಾಣಂಗಿಲ್ಲಂತ ಸೊನ್ನೆನಾ?” ನಾನು ಹೇಳಿದ್ದು: “ಪುಸ್ತಕದಲ್ಲಿ ಸೊನ್ನೆ ಅಂತಿದೆ, ಬರ್ಕೋ.” 36 ಅಂಕದ ಹುಡುಗನ ಪ್ರಶ್ನೆ ಎಂದು ನನ್ನ ಕಿವಿ ಮೊದಲೇ ತೀರ್ಮಾನಿಸಿತ್ತು.

ಈಗ ನನ್ನ ವಿರುದ್ಧ ನಾನೇ ಒಂದು ಆಕ್ಷೇಪಣೆ ಎತ್ತಬೇಕು, ಏಕೆಂದರೆ ಅದು ಬಲವಾದದ್ದು. ಒತ್ತಡ ಹಾಕಿದ ವಸ್ತು ಮೊದಲಿನ ವಸ್ತುವೇ ಅಲ್ಲ. ಪರಮಾಣುಗಳ ನಡುವಿನ ಅಂತರ ಬದಲಾಗಿದೆ, ಕಂಪನಗಳು ಬದಲಾಗಿವೆ, ಫರ್ಮಿ ಮೇಲ್ಮೈ ಬದಲಾಗಿದೆ. 3.9ರ ಒಳಗೆ 9 ಎಂಬುದು ಬೀಜದಂತೆ ಅಡಗಿ ಕೂತಿರಲಿಲ್ಲ. ಅಲೆಯ ಕೆಳಗೆ ಮುಚ್ಚಿಹೋದ ‘ನಿಜವಾದ’ ಅತಿವಾಹಕ ಒಂದಿದೆ, ಅದನ್ನು ಬಿಡುಗಡೆ ಮಾಡಬೇಕು ಎನ್ನುವುದು ಸಿನಿಮಾ ಕಥೆ. ಹಾಗೆಯೇ ಆ ಹುಡುಗನೊಳಗೆ ಒಬ್ಬ ವಿಜ್ಞಾನಿ ಮಲಗಿದ್ದ, ಗಿರಣಿ ಅವನನ್ನು ಕೊಂದಿತು ಎಂದು ಬರೆಯುವುದೂ ಕಥೆಯೇ. ನನಗೆ ಅದು ಗೊತ್ತಿಲ್ಲ. ಗಿರಣಿ ಇಲ್ಲದ ಆ ಹುಡುಗ ಬೇರೆಯೇ ಹುಡುಗ. ಬಹುಶಃ ಅವನಿಗೆ ಆ ಪ್ರಶ್ನೆಯೇ ಹೊಳೆಯುತ್ತಿರಲಿಲ್ಲ. ರಾತ್ರಿಯೆಲ್ಲ ತೂಕದ ಯಂತ್ರದ ಮುಂದೆ ನಿಂತವನಿಗೆ ತಾನೆ, ಮುಳ್ಳು ತೋರಿಸುವ ಸೊನ್ನೆಗೂ ನಿಜವಾದ ಸೊನ್ನೆಗೂ ವ್ಯತ್ಯಾಸವಿರುತ್ತದೆ ಎಂಬ ಅನುಮಾನ ಬರುವುದು?

ಈ ಆಕ್ಷೇಪಣೆಯನ್ನು ಒಪ್ಪಿದ ಮೇಲೂ ನನ್ನ ತಪ್ಪು ಹಾಗೆಯೇ ಉಳಿಯುತ್ತದೆ, ಇನ್ನೂ ಸ್ಪಷ್ಟವಾಗುತ್ತದೆ. ಅವನಲ್ಲಿ 9 ಇತ್ತು ಎಂದು ಹೇಳುವ ಹಕ್ಕು ಇವತ್ತಿಗೂ ನನಗಿಲ್ಲ. 36 ಅವನದ್ದು ಎಂದು ಹೇಳುವ ಹಕ್ಕೂ ಅವತ್ತು ನನಗಿರಲಿಲ್ಲ. ಆ ಅಂಕ ಅವನದ್ದಾಗಿರುವಷ್ಟೇ ಗಿರಣಿಯದ್ದೂ ಆಗಿತ್ತು, ಮೊದಲ ಬಸ್ಸಿನದ್ದೂ ಆಗಿತ್ತು. ಕಾಲುವೆಯ ಮೇಲ್ಭಾಗದ ಭತ್ತದ್ದೂ ಒಂದಿಷ್ಟು ಆಗಿತ್ತೇನೋ. ನಾನು ಅದನ್ನು ಒಬ್ಬನ ಹೆಸರಿಗೆ ಬರೆದೆ.

ಪ್ರಯೋಗಾಲಯದಲ್ಲಿ ಒಂದು ಸೌಲಭ್ಯವಿದೆ, ಒತ್ತಡ ತೆಗೆದರೆ ಅಲೆ ಮತ್ತೆ ಬರುತ್ತದೆ, ಹಾಕಿದರೆ ಹೋಗುತ್ತದೆ. ಎರಡೂ ಸ್ಥಿತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಬದುಕಿಗೆ ಅಂಥ ಉಪಕರಣವಿಲ್ಲ. ಆದ್ದರಿಂದಲೇ ‘ಪ್ರತಿಭೆ’ ಎಂಬ ಶಬ್ದ ನಮ್ಮಲ್ಲಿ ಇಷ್ಟು ಜಗಳ ತಂದಿದೆ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ, ದಿವಾನ್ ವಿಶ್ವೇಶ್ವರಯ್ಯನವರು ಆಡಳಿತದ ದಕ್ಷತೆ ಕುಸಿದೀತೆಂದು ಒಪ್ಪಲಿಲ್ಲ. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ನೀರಿನ ಲೆಕ್ಕವನ್ನು ಅವರಷ್ಟು ಬಲ್ಲವರೂ ಕಡಿಮೆ. ಆದರೂ ಅಂದು ದಕ್ಷತೆ ಎಂದು ಅಳೆದದ್ದು ಬಹುಕಾಲದಿಂದ ತೂಬಿನ ಪಕ್ಕದಲ್ಲಿದ್ದವರ ಬೆಳೆಯನ್ನು ಎಂದು ನನಗನ್ನಿಸುತ್ತದೆ. ಇದನ್ನು ಒಪ್ಪದ ಗೆಳೆಯರು ನನಗಿದ್ದಾರೆ, ಸಂಜೆ ವಾಕಿಂಗಿನಲ್ಲಿ ರೈಲ್ವೆ ಗೇಟಿನ ತನಕ ವಾದ ಮಾಡುತ್ತಾರೆ.

ಅವರಲ್ಲೊಬ್ಬರು ಕೇಳಿದರು: “ಹಂಗಾರ ಮೊದಲು ಬಂದಿದ್ದನ್ನ ಒಡೀಬೇಕು ಅಂತೀರೇನು?” ಒಳ್ಳೆಯ ಪ್ರಶ್ನೆ. ಇಲ್ಲೂ ವಸ್ತುಗಳು ಹೇಳುವುದು ನೇರವಾಗಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದಹಾಗೆ ಅದು ಶುರುವಾದದ್ದು 1945ರಲ್ಲಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲೇ, ಅಲ್ಲಿನ ಎಸ್. ರಾಮಕೃಷ್ಣನ್ ಮತ್ತು ಸಂಗಡಿಗರು 2005ರಲ್ಲಿ ಇದೇ ಸಂಯುಕ್ತದಲ್ಲಿ ಸಿಲಿಕಾನಿನ ಸ್ವಲ್ಪ ಪಾಲನ್ನು ತೆಗೆದು ಜರ್ಮೇನಿಯಂ ಸೇರಿಸಿ ನೋಡಿದರು. ಜರ್ಮೇನಿಯಂ ಸಿಲಿಕಾನಿಗಿಂತ ದೊಡ್ಡ ಪರಮಾಣು. ಅದು ಸೇರಿದರೆ ಚೌಕಟ್ಟು ಹಿಗ್ಗುತ್ತದೆ, ಒತ್ತಡಕ್ಕೆ ತೀರ ತದ್ವಿರುದ್ಧ. ಆದರೂ ಅಲೆ ಕುಗ್ಗಿತು, ಅತಿವಾಹಕತೆ ಮೇಲೇರಿತು. ಬರೀ ಅಮುಕುವುದೊಂದೇ ದಾರಿಯಲ್ಲ ಎಂದಾಯಿತು. ಪಂಕ್ತಿಯಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಹೊರಗಿನವನು ಕೂತರೆ ಸಾಲಿನ ಕಟ್ಟುನಿಟ್ಟು ಸಡಿಲವಾಗುತ್ತದೆ. ಅಲೆಗೆ ಇದನ್ನು ತಾಳಿಕೊಳ್ಳುವುದು ಕಷ್ಟ, ಏಕೆಂದರೆ ಅದರ ಜೀವವೇ ದೂರದೂರಕ್ಕೆ ತಪ್ಪದೆ ಮರುಕಳಿಸುವ ಸಾಲು. ಸಾಮಾನ್ಯ ಅತಿವಾಹಕತೆ ಕಾಂತಗುಣವಿಲ್ಲದ ಇಂಥ ಕಲ್ಮಶಕ್ಕೆ ಅಷ್ಟಾಗಿ ಹೆದರುವುದಿಲ್ಲ ಎಂದು ಫಿಲಿಪ್ ಆಂಡರ್ಸನ್ 1959ರಲ್ಲೇ ತೋರಿಸಿದ್ದರು. ಬೆರಕೆಯನ್ನು ತಡೆದುಕೊಳ್ಳುವ ಕ್ರಮ ಒಂದು, ತಡೆದುಕೊಳ್ಳದ ಕ್ರಮ ಒಂದು.

ಇದನ್ನು ಓದಿದಾಗ ನನಗೆ ಹಿಗ್ಗಾಯಿತು, ಕೌಲ್ ಬಜಾರ್ ನೆನಪಾಯಿತು, ಕನ್ನಡ ತೆಲುಗು ಉರ್ದು ಬೆರೆತ ನಮ್ಮ ಮಾತು ನೆನಪಾಯಿತು. ಆದರೆ ತಕ್ಷಣ ನನ್ನನ್ನು ನಾನೇ ಹಿಡಿದೆ. ಪರಮಾಣುಗಳಿಂದ ನೀತಿಪಾಠ ಹಿಂಡುವುದು ಜ್ಯೋತಿಷಿಯ ಕೆಲಸ. ಅಲೆ ಕೆಟ್ಟದ್ದಲ್ಲ. ಅತಿವಾಹಕದ ತಂತಿ ಆಸ್ಪತ್ರೆಯ ಎಂ.ಆರ್.ಐ. ಯಂತ್ರಕ್ಕೆ ಬೇಕು, ಅದಕ್ಕೆ ನಮಗೆ ಅದರ ಮೇಲೆ ಪಕ್ಷಪಾತ. ವಸ್ತುವಿಗೆ ಯಾವ ನಷ್ಟವೂ ಇಲ್ಲ, ಯಾವ ದೂರೂ ಇಲ್ಲ. ತಾಮ್ರದ ಆಕ್ಸೈಡುಗಳಲ್ಲಿ ಇದು ತಿರುಗುಮುರುಗಾಗಿಯೂ ಕಾಣುತ್ತದೆ: ಅತಿವಾಹಕತೆ ಬಂದ ಮೇಲೆ ಅಲೆ ಸೊರಗುತ್ತದೆ, ಕಾಂತಕ್ಷೇತ್ರ ಹಾಕಿ ಅತಿವಾಹಕತೆಯನ್ನು ಕುಗ್ಗಿಸಿದರೆ ಅಲೆ ಮತ್ತೆ ಚಿಗುರುತ್ತದೆ. ತಡವಾಗಿ ಬಂದವರೂ ಮೊದಲಿನವರ ಪಾಲನ್ನು ಎಳೆಯುತ್ತಾರೆ. ಯಾರು ಒಳ್ಳೆಯವರು, ಯಾರನ್ನು ಒಡೆಯಬೇಕು ಎಂದು ಲುಟೇಶಿಯಂ ನನಗೆ ಹೇಳಲಾರದು. ಗೆಳೆಯರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಅದು ಹೇಳಬಲ್ಲದ್ದು ಬಹಳ ಸಣ್ಣದು, ಅಳೆಯುವವನಿಗೆ ಸಂಬಂಧಿಸಿದ್ದು. 3.9 ಎಂದು ಬರೆಯುವಾಗ ಭೌತವಿಜ್ಞಾನಿ ಅದರ ಪಕ್ಕದಲ್ಲಿ 83 ಎಂದೂ ಬರೆಯುತ್ತಾನೆ. ಎರಡು ಅಂಕಿ ಒಟ್ಟಿಗೆ ಇಲ್ಲದಿದ್ದರೆ ಆ ಪ್ರಬಂಧವನ್ನು ಯಾರೂ ಒಪ್ಪುವುದಿಲ್ಲ. ನಾನು ಮೂವತ್ತು ವರ್ಷ ಅಂಕಪಟ್ಟಿಗಳಲ್ಲಿ ಒಂದೇ ಅಂಕಿ ಬರೆದೆ. ಪಕ್ಕದಲ್ಲಿ ಬರೆಯಲು ಕಾಲಮ್ಮೇ ಇರಲಿಲ್ಲ ಎನ್ನಬಹುದು. ಕೇಳಲು ಬಾಯಿ ಇತ್ತಲ್ಲ.

ಹೋದ ತಿಂಗಳು ಸಿರುಗುಪ್ಪದಲ್ಲಿ ಒಂದು ಮದುವೆಗೆ ಹೋದವನು ಅವನ ಊರಿನ ಹೆಸರು ಹೇಳಿ ವಿಚಾರಿಸಿದೆ. ಅಂಥ ಹುಡುಗರು ಬಹಳ ಜನ, ಯಾರೂಂತ ಹೇಳೋದು ಎಂದರು. ಅವನ ಪ್ರಶ್ನೆಗೆ ಅವತ್ತು ಹೇಳಬೇಕಾಗಿದ್ದ ಉತ್ತರ ಈಗ ನನಗೆ ಚೆನ್ನಾಗಿ ಗೊತ್ತಿದೆ. ನೀನು ಕೇಳಿದ್ದು ಸರಿಯಪ್ಪ. ಸೊನ್ನೆಯನ್ನು ಯಾವ ಮೀಟರೂ ಅಳೆಯಲಾರದು. ಅದಕ್ಕೇ ಮೀಟರ್ ಬಿಟ್ಟು ಬೇರೆ ಉಪಾಯ ಮಾಡಿದರು. ಅತಿವಾಹಕದ ಒಂದು ಸುರುಳಿಯಲ್ಲಿ ಕರೆಂಟು ಹರಿಯಬಿಟ್ಟು, ಬ್ಯಾಟರಿ ತೆಗೆದು, ಅದರ ಕಾಂತಕ್ಷೇತ್ರ ಎಷ್ಟು ಕುಗ್ಗುತ್ತದೆಂದು ಕಾಯುತ್ತ ಕೂತರು. 1963ರಲ್ಲಿ ಹೀಗೆ ಕಾದವರ ಲೆಕ್ಕದಂತೆ ಆ ಕರೆಂಟು ಸವೆಯಲು ಒಂದು ಲಕ್ಷ ವರ್ಷಕ್ಕೂ ಹೆಚ್ಚು ಬೇಕು. ಅಂದರೆ ಅದು ಸೊನ್ನೆ ಎಂದಲ್ಲ, ಇಷ್ಟಕ್ಕಿಂತ ಕಡಿಮೆ ಎಂದು ಮಾತ್ರ ನಾವು ಹೇಳಬಹುದು.